ದುಂಡ್ಯಾ ಗೋಲ್ ಕಾದದ್ದು

ಕೇಳ್ರಿಲ್ಲಿ, ನಗೂದಿದ್ರ ಈಗ ನಕ್ಕಬಿಡ್ರಿ, ಮುಂದ ಆಗೂದಿಲ್ಲ. ನೂಲಿನ ಗಿರಣಿ ಚಾಳಿನ್ಯಾಗ ಬಾಳವ್ವ ಅಂತ ಇದ್ದಳು. ಎದಿಬ್ಯಾನಿಯಾಕಿ. ಆಕಿಗೊಬ್ಬ ಮಗಾ, ದುಂಡ್ಯಾ. ಹೇಳಿದ್ದನ್ನ ಹೇಳಿದಂಗ ಮಾಡೂ ಪೆದ್ದ.

"ಅಯ್ಯ ನನ್ನ ಕರ್ಮವ! ನಾ ಸತ್ರ ಈ ಪೆದ್ದಗ ತುತ್ತು ಹಾಕೋರ್ಯಾರು?"

ಗಿರಣಿ ಫುಟ್‌ಬಾಲ್ ತಂಡದಾಗ ಚಲೋ ಆಡಿದವಗ ಗೇಟ್ ಕಾಯೂ ನೌಕರಿ ಸಿಗತಿತ್ತು. ಬಾಳವ್ವ ಹೋಗಿ ಕೋಚ್ ಗೌಸ್ ಮಾಸ್ತರನ ಕಾಲಿಗೆ ಬಿದ್ದಳು. ಮಾಸ್ತರ ಹಗಲೆಲ್ಲಾ ಫೋನಿನ್ಯಾಗ ತಂಡ ನಡಸೂ ಆಟ ಆಡಾಂವ. ಯಾವ ಆಟಗಾರಗ ಯಾವ ಕೆಲಸ, ಬೆರಳಿಲೆ ಒತ್ತಿ ಹಚ್ಚಾಂವ. ದುಂಡ್ಯಾನ್ನ ತಂಡಕ್ಕ ತಗೊಂಡು ಹೇಳಿದ:

"ನೋಡಲೇ, ಈ ಫೋನಿನ್ಯಾಗಿನ ಗೊಂಬಿ ಎದುರುತ್ತರ ಕೊಡತಾವೇನು? ನೀನೂ ಹಂಗ ಇರು. ನಿನ್ನ ಕೆಲಸ ಡಿಫೆಂಡ್. ಚೆಂಡು ತಂದವನ್ನ ದಾಟಾಕ ಬಿಡಬ್ಯಾಡ!"

ಬಿಡಲಿಲ್ಲ ನೋಡ್ರಿ! ತನ್ನ ತಂಡದಾಂವ ಚೆಂಡು ತಂದ್ರೂ ಅಡ್ಡಗಾಲು ಹಾಕಿ ಕೆಡವಿದ. ಪಾಪ, ಅವನ ಹಲ್ಲು ಮುರೀತು.

"ಥೂ ನಿನ್ನ! ನಮ್ಮವರನ್ನಲ್ಲೋ! ಅವರ ಹತ್ತನೇ ನಂಬರಿನಾಂವ ಅದಾನಲ್ಲ, ಅವನೊಬ್ಬನ್ನ ಹಿಡಿ. ಎಲ್ಲಿಗೆ ಹೋದ್ರೂ ಬೆನ್ನ ಬಿಡಬ್ಯಾಡ!"

ಬಿಡಲಿಲ್ಲ. ಹತ್ತನೇ ನಂಬರಿನಾಂವ ಕಾಲು ಉಳುಕಿ ಹೊರಗ ಹೋದ, ದುಂಡ್ಯಾನೂ ಹೋದ. ಅವ ದವಾಖಾನಿಗೆ ರಿಕ್ಷಾ ಹತ್ತಿದ, ಇಂವಾನೂ ಹತ್ತಿದ! ತಂಡ ಸೋತಿತು. ಬಾಳವ್ವ ಹಣಿ ಚಚ್ಚಿಕೊಂಡು ಅತ್ತಳು.

"ಮಂದಿ ಬೆನ್ನ ಹತ್ತಬ್ಯಾಡೋ ಮಾರಾಯಾ! ಗೋಲ್ ಕಾಯಿ. ಏನರ ಆಗಲಿ, ಕಡೀ ಸೀಟಿ ಊದೂತನಕ ಕದಲಬ್ಯಾಡ. ಇನ್ನೊಮ್ಮೆ ಕೆಡಿಸಿದ್ರ ನೌಕರಿ ಮರತಬಿಡು!" ಅಂದ ಮಾಸ್ತರ.

ಆಟದ ದಿನಾನ ಬಾಳವ್ವಗ ಉಸುರು ಮ್ಯಾಲಕ್ಕ ಹತ್ತಿತು. ನೆರಮನಿ ಚಂಪವ್ವ ಗೋಲಿನ ಹಿಂದ ಓಡಿಬಂದಳು.

"ದುಂಡ್ಯಾ, ಅವ್ವ ಕರಿಯಾಕತ್ತಾಳೋ, ಬಾರೋ!"

"ಸೀಟಿ ಆಗಿಲ್ರಿ."

"ಜೀವಾ ಹೊಂಟೈತೋ!"

"ಸೀಟಿ ಆಗಿಲ್ರಿ."

ಒಂದ ಒಂದು ಗೋಲ್ ಒಳಗ ಬಿಡಲಿಲ್ಲ. ತಂಡ ಗೆದ್ದಿತು. ಗಿರಣಿ ಸಾಹೇಬ್ರು ಅಲ್ಲೇ ನೌಕರಿ ಕೊಟ್ಟರು. ಕೊರಳಾಗ ಹಾರ ಹಾಕ್ಕೊಂಡು ಮನಿಗೆ ಬಂದ್ರ, ಬಾಳವ್ವ ಹೋಗಿಬಿಟ್ಟಿದ್ದಳು. ಬಾಗಲ ಕಡೆ ನೋಡಕೋತ ಹೋದಳಂತ.

"ಗೋಲ್ ಕಾಯಕೋತ ನಿಂತ್ಯಲ್ಲೋ ಮೂಳಾ!" ಅಂತ ಚಂಪವ್ವ ಬಯ್ದಳು. "ಹೆತ್ತಾಕಿನ್ನ ಕಾಯಬೇಕಿತ್ತು!"

"ಹೂನ್ರಿ, ಕಾಯತೀನಿ," ಅಂದ.

ಬಾಳವ್ವನ್ನ ಕುಣಿಯಾಗ ಇಳಿಸಿದ್ರು. ಮಂದಿ ಹಿಡಿಮಣ್ಣು ತಗೊಂಡ್ರು. ದುಂಡ್ಯಾ ಕುಣಿ ಮುಂದ ಹೋಗಿ ಕಾಲು ಅಗಲಿಸಿ, ಕೈ ಚಾಚಿ ನಿಂತ. ಮಾಸ್ತರ ಮೊದಲನೇ ಹಿಡಿ ಹಾಕಿದ. ದುಂಡ್ಯಾ ಹಾರಿ ಹೊರಗ ಬಡದ. ಚಂಪವ್ವ ಹಾಕಿದಳು, ಅದನ್ನೂ ಬಡದ.

"ಬಿಡೋ ಮಗನ, ಸಾಕು!" ಅಂತ ಮಾಸ್ತರ ಅತ್ತುಬಿಟ್ಟ.

"ಹೆಂಗ ಬಿಡ್ಲಿ ಸರ? ಒಳಗ ಅವ್ವ ಅದಾಳ!" ಅಂದು ಮುಂದಿನ ಹಿಡಿಗೆ ಹಾರಿದ.