ತುಂಗಬಾಯಿಯ ಹನ್ನೊಂದು ಹಾಡು

"ಗುರುಗಳೇ, ಈ ಹಾಡಿಗೆ ಹಾಡಿದವರ ಹೆಸರಿಲ್ಲ. ಕೇಳಿದರೆ ನಿಮ್ಮ ಗುರುಗಳ ಧ್ವನಿಯಂತೆಯೇ ಇದೆ. ಅವರ ಹೆಸರನ್ನೇ ಹಾಕಿಬಿಡಲೇ?" ಎಂದು ಶಿಷ್ಯೆ ಕೇಳಿದಳು.

ಗುರುಗಳ ಬಳಿಯಿದ್ದ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸವನ್ನು ಅವಳು ವಹಿಸಿಕೊಂಡಿದ್ದಳು. ಎಷ್ಟೋ ಹಾಡುಗಳು 'ಅಜ್ಞಾತ' ಎಂಬ ತಲೆಬರಹದ ಕೆಳಗೆ ಬಿದ್ದಿದ್ದವು. ಅದು ಅವಳ ಕಣ್ಣಿಗೆ ಚುಚ್ಚುತ್ತಿತ್ತು.

ಅದಕ್ಕೆ ಗುರುಗಳು ಈ ಕತೆ ಹೇಳಿದರು.

ಒಂದು ಊರಿನ ಸಂಗೀತ ಸಂಸ್ಥೆಯಲ್ಲಿ ಫಾಲಾಕ್ಷ ಎಂಬವನಿದ್ದ. ಸಂಸ್ಥೆಯ ಹಳೆಯ ಟೇಪುಗಳಲ್ಲಿದ್ದ ನಾಲ್ಕು ಸಾವಿರ ಹಾಡುಗಳು ಕಂಪ್ಯೂಟರಿಗೆ ಬಂದಿದ್ದವು. ಅವನ್ನು ನೋಡಿಕೊಳ್ಳುವುದು ಅವನ ಕೆಲಸ. ಅವನಿಗಿಂತ ಮೊದಲು ಆ ಕೆಲಸ ಮಾಡಿದ ವೃದ್ಧರು ತೀರಿಕೊಂಡಿದ್ದರು. ಟೇಪುಗಳು ಬೂಷ್ಟು ಹಿಡಿದು ಹಾಳಾಗಿ, ಅವನ್ನು ಎಸೆದೂ ಆಗಿತ್ತು.

ಫಾಲಾಕ್ಷ ಅಚ್ಚುಕಟ್ಟಿನ ಮನುಷ್ಯ. ಒಂದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆದಿರುವುದನ್ನು ಕಂಡರೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ತುಂಗಾಬಾಯಿ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳು ಒಂದು ಕಡೆ ಇದ್ದವು. ಇನ್ನೊಂದು ಕಡೆ 'ತುಂಗಬಾಯಿ' ಎಂಬ ಹೆಸರಿನಲ್ಲಿ ಕೆಲವು ಹಾಡುಗಳಿದ್ದವು. ಒಂದು ದೀರ್ಘ ಬಿಟ್ಟುಹೋಗಿದೆ ಎಂದು ಅವನು ತಿಳಿದ. ಎರಡೂ ಹೆಸರು ಒಂದೇ ಇರಬಹುದು, ಸೇರಿಸಲೇ ಎಂದು ಕಂಪ್ಯೂಟರೂ ಕೇಳಿತು. ಅವನು ಒಪ್ಪಿದ. ಕಂಪ್ಯೂಟರು ಪ್ರತಿ ಹಾಡಿನ ಫೈಲಿನಲ್ಲೂ ಹಳೆಯ ಹೆಸರು ಅಳಿಸಿ ಹೊಸದನ್ನು ಬರೆಯಿತು. ಆ ಹೆಸರಿನ ಜೊತೆ ಬರೆದಿದ್ದ ಊರು, ವರ್ಷಗಳೂ ಅಳಿಸಿಹೋದವು. ಒಂದೂ ಹಾಡು ಕಳೆದಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಬದಲಾವಣೆಗೆ ಮುಂಚಿನ ಪ್ರತಿಯನ್ನು ಅವನೇ ತೆಗೆದುಹಾಕಿದ. ಪಟ್ಟಿ ಸ್ವಚ್ಛವಾಯಿತು. ಸಂಸ್ಥೆಯವರು ಅವನನ್ನು ಹೊಗಳಿದರು.

ಮರುವರ್ಷ ಅನಸೂಯಾ ಎಂಬ ಹೆಂಗಸು ಬಂದಳು. ಅರವತ್ತು ದಾಟಿದವಳು. ದೂರದ ಊರಿನ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಅವಳ ತಾಯಿ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವಳು. ಇವಳು ಎಂಟು ತಿಂಗಳ ಕೂಸಾಗಿದ್ದಾಗ ತಾಯಿ ಸತ್ತಳು. ಒಂದು ಫೋಟೋ ಕೂಡ ಇರಲಿಲ್ಲ. ತಾಯಿಯ ಹನ್ನೊಂದು ಹಾಡು ಈ ಸಂಸ್ಥೆಯಲ್ಲಿವೆ ಎಂದು ಕಂಪನಿಯ ಹಳಬರೊಬ್ಬರು ಸಾಯುವ ಮುಂಚೆ ಅವಳಿಗೆ ಹೇಳಿದ್ದರು.

"ಅವ್ವನ ಹೆಸರು ತುಂಗಬಾಯಿ ಅಂತರಿ," ಎಂದಳು.

ಫಾಲಾಕ್ಷ ವೃದ್ಧರ ಮೇಜಿನ ಖಾನೆ ತೆಗೆದು ಅವರ ನೋಟುಬುಕ್ಕು ಹುಡುಕಿದ. ಅದರಲ್ಲಿ ಒಂದು ಸಾಲಿತ್ತು: 'ತುಂಗಾಬಾಯಿ ಬೇರೆ, ತುಂಗಬಾಯಿ ಬೇರೆ. ಎರಡನೆಯವರವು ಹನ್ನೊಂದು.' ಯಾವ ಹನ್ನೊಂದು ಎಂದು ಬರೆದಿರಲಿಲ್ಲ. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಅವರು ಬಿಟ್ಟಿರಬೇಕು.

ಈಗ ತುಂಗಾಬಾಯಿಯ ಹೆಸರಿನಲ್ಲಿ ಮುನ್ನೂರ ಹನ್ನೆರಡು ಹಾಡುಗಳಿದ್ದವು. ಎಲ್ಲವೂ ಅದೇ ಕಾಲದ ರಂಗಗೀತೆಗಳು, ಎಲ್ಲದರಲ್ಲೂ ಟೇಪಿನ ಗರಗರ ಸದ್ದು. ಮಗಳಿಗೆ ಕೇಳಿಸಿದರೆ ಅವಳು ಗುರುತಿಸುವ ಹಾಗೂ ಇರಲಿಲ್ಲ. ತಾಯಿಯ ಧ್ವನಿ ಹೇಗಿತ್ತೆಂದು ಅವಳಿಗೇ ತಿಳಿಯದು. ಹುಡುಕುತ್ತೇನೆ ಎಂದು ಹೇಳಿ ಅವನು ಅವಳನ್ನು ಕಳಿಸಿದ.

ಅವಳು ಇನ್ನೂ ಎರಡು ಸಲ ಬಂದಳು. ಪ್ರತಿ ಸಲವೂ ಮೂರು ಬಸ್ಸು ಬದಲಿಸಿ ಬರುತ್ತಿದ್ದಳು. ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಮೂರನೆಯ ಸಲ ಫಾಲಾಕ್ಷನಿಗೆ ತಡೆಯಲಾಗಲಿಲ್ಲ. ಎಳೆಯ ಧ್ವನಿಯೆಂದು ತೋರಿದ ಒಂದು ಹಾಡನ್ನು ಆರಿಸಿ ಅವಳ ಫೋನಿಗೆ ಹಾಕಿಕೊಟ್ಟ. ಇದೇ ನಿಮ್ಮ ತಾಯಿಯದು ಎಂದ. ಅವಳು ಅಲ್ಲಿಯೇ ನಿಂತು ಕೊನೆಯವರೆಗೂ ಕೇಳಿದಳು. ಅವನ ಕೈ ಹಿಡಿದುಕೊಂಡಳು.

ಕೆಲವು ತಿಂಗಳ ಮೇಲೆ, ತುಂಗಾಬಾಯಿಗೆ ಹಾರ್ಮೋನಿಯಂ ಪೇಟಿಯ ಸಾಥ್ ಕೊಡುತ್ತಿದ್ದ ಮುದುಕರೊಬ್ಬರು ಬದುಕಿದ್ದಾರೆಂದು ಗೊತ್ತಾಯಿತು. ಫಾಲಾಕ್ಷ ಅವರನ್ನು ಕರೆತಂದು ಮೊದಲು ಆ ಹಾಡನ್ನೇ ಕೇಳಿಸಿದ. ಅವರ ಬೆರಳುಗಳು ಮೇಜಿನ ಮೇಲೆ ಆಡಿದವು. ಇದು ತುಂಗಾಬಾಯಿಯೇ, ಪೇಟಿ ನನ್ನದೇ ಎಂದರು. ತಾವು ನುಡಿಸಿದ ನಲವತ್ತೊಂದು ಹಾಡುಗಳನ್ನು ಗುರುತಿಸಿದರು. ಉಳಿದವುಗಳಲ್ಲಿ ಪೇಟಿ ತಮ್ಮದಲ್ಲ, ಆ ಗರಗರ ಸದ್ದಿನಲ್ಲಿ ಧ್ವನಿಯಿಂದಷ್ಟೇ ಹೇಳಲಾಗದು ಎಂದರು. ಇನ್ನೊಬ್ಬ ತುಂಗಬಾಯಿಯನ್ನು ಅವರು ಕೇಳಿಯೇ ಇರಲಿಲ್ಲ.

ಫಾಲಾಕ್ಷ ನಾಲ್ಕು ದಿನ ಸುಮ್ಮನಿದ್ದ. ಐದನೆಯ ದಿನ ಹಾಸ್ಟೆಲಿಗೆ ಹೋದ. ಅಡುಗೆಮನೆಯಲ್ಲಿ ಆ ಹಾಡು ಕೇಳಿಬರುತ್ತಿತ್ತು. ಅನಸೂಯಾ ರೊಟ್ಟಿ ಬಡಿಯುತ್ತ ಅದರ ಜೊತೆ ಹಾಡುತ್ತಿದ್ದಳು. ಹಾಡಿನ ಸಾಲುಗಳನ್ನು ಯಾರಿಂದಲೋ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಸಿ ಗೋಡೆಗೆ ಅಂಟಿಸಿದ್ದಳು. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ.

ಅವಳು ಹಿಟ್ಟಿನ ಕೈ ಒರೆಸಿಕೊಂಡು ಫೋನಿನ ಹಾಡು ನಿಲ್ಲಿಸಿದಳು.

"ಹಂಗಾದ್ರ ನಮ್ಮವ್ವನ ಹಾಡು ಯಾವುದ್ರಿ?"

"ಗೊತ್ತಿಲ್ಲಮ್ಮ," ಎಂದ ಫಾಲಾಕ್ಷ.

ಅವಳು ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅವನಿಗೂ ಒಂದು ತಟ್ಟೆಯಲ್ಲಿ ಊಟ ಕೊಟ್ಟಳು. ಅವನು ಉಂಡು ಬಂದ.

ಆಮೇಲೆ ಅವನು ಉಳಿದ ಇನ್ನೂರ ಎಪ್ಪತ್ತೊಂದು ಹಾಡುಗಳನ್ನು ತುಂಗಾಬಾಯಿಯ ಹೆಸರಿನಿಂದ ತೆಗೆದು, 'ಇಬ್ಬರಲ್ಲಿ ಒಬ್ಬರು' ಎಂಬ ತಲೆಬರಹದ ಕೆಳಗಿಟ್ಟ. ದಿನಾ ಕೇಳಿದ. ಒಂದೊಂದು ದಿನ ಇದೇ ಇರಬೇಕು ಅನ್ನಿಸುತ್ತಿತ್ತು. ಮರುದಿನ ಅಲ್ಲ ಅನ್ನಿಸುತ್ತಿತ್ತು. ಎರಡು ವರ್ಷದ ನಂತರ ಅವಳಿಗೆ ಒಂದು ಕಾಗದ ಬರೆದ. ಹುಡುಕುವುದನ್ನು ಬಿಟ್ಟಿಲ್ಲ ಎಂದಷ್ಟೇ ಅದರಲ್ಲಿತ್ತು. ಅವಳು ಅಲ್ಲಿ ಕೆಲಸ ಬಿಟ್ಟು ಹೋಗಿದ್ದಳು. ಎಲ್ಲಿಗೆಂದು ಯಾರಿಗೂ ತಿಳಿಯದು. ಕಾಗದ ಹಿಂದೆ ಬಂತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು: "ಅವನು ಹೋಗಿ ಹೇಳದೆ ಇದ್ದಿದ್ದರೆ ಅನಸೂಯಾಳಿಗೆ ಒಂದು ಹಾಡಾದರೂ ಉಳಿಯುತ್ತಿತ್ತಲ್ಲ ಗುರುಗಳೇ?"

ಗುರುಗಳು ಹೇಳಿದರು: "ಗೊತ್ತಿಲ್ಲ ಎಂಬ ಮಾತನ್ನು ಅವನು ಕಂಪ್ಯೂಟರಿನ ಮುಂದೆ ಕೂತು ಹೇಳಿದ್ದರೆ, ಅವಳ ಅಡುಗೆಮನೆಯಲ್ಲಿ ನಿಂತು ಹೇಳಬೇಕಾಗುತ್ತಿರಲಿಲ್ಲ."