ಬೋರಿಯ ಕೆಮ್ಮು

ಗುಡ್ಡದ ಬುಡದಲ್ಲಿ ನರಿಯೊಂದು ಜಲ್ಲಿ ಕ್ರಷರ್ ನಡೆಸುತ್ತಿತ್ತು. ಅಲ್ಲಿ ಕಲ್ಲು ಹೊರುತ್ತಿದ್ದ ಬೋರಿ ಎಂಬ ಹೆಣ್ಣುಕತ್ತೆಗೆ ಧೂಳು ಕುಡಿದು ಕುಡಿದು ಬಿಡದ ಕೆಮ್ಮು ಹತ್ತಿತು. ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ತಾಳಲಾರದೆ ಅವಳು ನರಿಯ ಮುಂದೆ ಹೋಗಿ ನಿಂತಳು.

“ಧಣಿ, ಕಲ್ಲಿಗೆ ಒಂದಿಷ್ಟು ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ.”

“ಇರುವ ನೀರು ಯಂತ್ರಕ್ಕೇ ಸಾಲದು. ಅದು ಕಾದು ಕೆಟ್ಟುಹೋದರೆ ಇನ್ನೊಂದನ್ನು ಎಲ್ಲಿಂದ ತರಲಿ?” ಎಂದಿತು ನರಿ.

“ನಾನು ಕೆಟ್ಟರೆ?”

ನರಿ ಗೇಟಿನ ಕಡೆ ನೋಡಿತು. ಅಲ್ಲಿ ಕೆಲಸ ಕೇಳಿಕೊಂಡು ಬಂದ ಕತ್ತೆಗಳು ಸಾಲಾಗಿ ನಿಂತಿದ್ದವು. ಮೇಯುವ ಬಯಲೆಲ್ಲ ಕಾರ್ಖಾನೆಗಳಾದ ಮೇಲೆ ಅವಕ್ಕೆ ಬೇರೆ ದಿಕ್ಕಿರಲಿಲ್ಲ. ಎಲ್ಲರಿಗಿಂತ ಮುಂದೆ ನಿಂತವನು ಬೋರಿಯ ಸ್ವಂತ ತಮ್ಮ ಮುದ್ದ.

ಬೋರಿ ಅವನತ್ತ ತಿರುಗಿದಳು. ‘ಬರಬೇಡವೋ, ತಿರುಗಿ ಹೋಗು’ ಎಂದು ಕೂಗಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಕೆಮ್ಮು ಒತ್ತರಿಸಿಕೊಂಡು ಬಂದು ಅವಳ ತಲೆ ಮೇಲಕ್ಕೂ ಕೆಳಕ್ಕೂ ಆಡತೊಡಗಿತು.

“ನೋಡಪ್ಪಾ, ನಿಮ್ಮಕ್ಕ ತಲೆಯಾಡಿಸಿ ಕರೆಯುತ್ತಿದ್ದಾಳೆ,” ಎಂದಿತು ನರಿ.

“ಬಂದೆ ಅಕ್ಕಾ!” ಎನ್ನುತ್ತ ಮುದ್ದ ಖುಷಿಯಿಂದ ಒಳಗೆ ಓಡಿಬಂದ.

ಸಂಜೆಯೊಳಗೆ ಬೋರಿ ಗೇಟಿನ ಹೊರಗಿದ್ದಳು. ಅವಳ ಹೇರು ತಮ್ಮನ ಬೆನ್ನ ಮೇಲಿತ್ತು.