ಕೆರೆ ಮಡಿಲಿನ ಚಿಟ್ಟೆ

ಒಂದಾನೊಂದು ಕಾಲದಲ್ಲಿ, ಕೆರೆಗಳಿಗೂ ಮಾತು ಬರ್ತಿದ್ದ ಕಾಲದಲ್ಲಿ, ಗಿರಿಯಮ್ಮ ಅಂತ ಒಬ್ಬಳು ಕುಂಬಾರ್ತಿ ಇದ್ದಳಂತೆ. ಅವಳಿಗೆ ನಂಜಿ ಅಂತ ಒಬ್ಬಳೇ ಮಗಳು. ಕಾಲು ಅಲ್ಲಾಡಿಸ್ಬೇಡ ಮಗಾ, ಕೇಳು. ನಂಜೀನ ಹೊಳೆ ಆಚೆ ಊರಿಗೆ ಕೊಟ್ಟರಂತೆ, ಅವರೂ ಮಡಕೆ ಮಾಡೋರೇ. ಹೊರಡೋ ಹೊತ್ತಿಗೆ ನಂಜಿ ಅವ್ವನ ಸೆರಗು ಹಿಡ್ಕೊಂಡು, ಅವ್ವಾ, ನಿನ್ನ ತಿಗರಿ ತಿರುಗೋ ಸದ್ದು ಕೊಡು, ಕೇಳ್ತಾ ಮಲಗ್ತೀನಿ ಅಂದಳಂತೆ. ಸದ್ದು ಗಂಟು ಕಟ್ಟಿದ್ರೆ ನಿಲ್ಲಲ್ಲ ಕಣೇ ಅಂದಳಂತೆ ಅವ್ವ. ಹಂಗಾದ್ರೆ ಮಡಕೆ ಸುಡೋ ವಾಸನೆ ಕೊಡು ಅಂದಳಂತೆ. ಅದು ಊರು ದಾಟೋದ್ರೊಳಗೆ ಗಾಳಿಗೆ ಹೋಗುತ್ತೆ ಅಂದಳಂತೆ. ಆಮೇಲೆ ನಂಜಿ, ನಿನ್ನ ಹತ್ರನೂ ಇರ್ಬೇಕು ನನ್ನ ಹತ್ರನೂ ಇರ್ಬೇಕು, ಅಂಥದ್ದೇನಾದ್ರೂ ಕೊಡವ್ವಾ ಅಂತ ಗೋಳೋ ಅಂತ ಅತ್ತಳಂತೆ.

ಅಂಥದ್ದು ಎಲ್ಲಿಂದ ತರೋದು? ಗಿರಿಯಮ್ಮ ತಾನು ಮಣ್ಣು ತರೋ ಬತ್ತಿದ ಕೆರೆಗೆ ಹೋಗಿ ಕೂತ್ಕೊಂಡು ಅತ್ತಳಂತೆ. ಆ ಕೆರೆ ಮನುಷ್ಯರು ಹುಟ್ಟೋಕೂ ಮುಂಚಿಂದು. ಅದರ ಕೆಸರೆಲ್ಲ ರೊಟ್ಟಿ ಪೇರಿಸಿದಂಗೆ ಪದರ ಪದರವಾಗಿ ಗಟ್ಟಿಯಾಗಿತ್ತಂತೆ. ಅಳು ಕೇಳಿ ಕೆರೆಗೆ ಕರುಳು ಚುರ್ ಅಂತಂತೆ. ಅಳಬೇಡ ತಾಯಿ, ನಂಗೂ ಒಂದು ಚಿಟ್ಟೆ ಇತ್ತು, ದಿನಾ ಬಂದು ನೀರು ಮುಟ್ಟಿ ಮುಟ್ಟಿ ಹೋಗ್ತಿತ್ತು ಅಂತಂತೆ. ನೀನು ಏರೋಪ್ಲೇನ್ ಚಿಟ್ಟೆ ಅಂತೀಯಲ್ಲ ಮಗಾ, ಅದೇ. ಆಗ ಏರೋಪ್ಲೇನ್ ಎಲ್ಲಿತ್ತು, ಬರೀ ಚಿಟ್ಟೆ. ಕೆರೆ ಹೇಳ್ತಂತೆ, ಒಂದಿನ ಅದು ನೀರಿಗೆ ಬಿದ್ದಿದ್ದು ಏಳಲೇ ಇಲ್ಲ, ನಂಗೆ ಬಿಡೋಕೆ ಮನಸ್ಸಾಗ್ಲಿಲ್ಲ, ಮಳೆ ಬಂದಾಗೆಲ್ಲ ಒಂದೊಂದು ಕೆಸರಿನ ಹೊದಿಕೆ ಹೊದಿಸ್ದೆ, ನೀರು ಹೋಯ್ತು, ಮೀನು ಹೋಯ್ತು, ಇದನ್ನ ಮಾತ್ರ ಬಿಟ್ಟಿಲ್ಲ, ತಗೊಂಡ್ಹೋಗು, ನಿನ್ನ ಮಗಳಿಗಿರಲಿ ಅಂತಂತೆ.

ಗಿರಿಯಮ್ಮ ಕೆರೆ ತೋರಿಸಿದ ಕೆಸರಿನ ಹೆಂಟೆ ಎತ್ತಿ ಬಿಡಿಸಿದ್ರೆ ಎರಡು ಹೋಳಾಯ್ತಂತೆ. ಒಂದರಲ್ಲಿ ಚಿಟ್ಟೆ, ಇನ್ನೊಂದರಲ್ಲಿ ಅದರ ಅಚ್ಚು, ರೆಕ್ಕೆಯ ನರ ನರಾನೂ ಕಾಣ್ತಿತ್ತಂತೆ. ಚಿಟ್ಟೆ ಇದ್ದಿದ್ದನ್ನ ಮಗಳ ಮಡಿಲಕ್ಕಿ ಜೊತೆ ಕಟ್ಟಿ, ಅಚ್ಚು ತಾನಿಟ್ಕೊಂಡಳಂತೆ.

ಆಮೇಲೆ ಏನಾಯ್ತು, ನಂಜಿಯ ಅತ್ತೆ ಮೂಲೇಲಿದ್ದ ಆ ಹೆಂಟೆ ನೋಡಿ ಮಣ್ಣು ನೆನೆಸೋ ಗುಂಡಿಗೆ ಹಾಕ್ಬಿಟ್ಟಳಂತೆ. ಕೆಟ್ಟೋಳಲ್ಲ ಪಾಪ. ಕುಂಬಾರರ ಕೈ, ಒಣಮಣ್ಣು ಕಂಡ್ರೆ ಸುಮ್ನಿರುತ್ತಾ? ನಂಜಿ ಮೊಣಕೈವರೆಗೂ ಕೈ ಹಾಕಿ ತಡಕಿದ್ರೆ ಬರೀ ರಾಡಿ. ಅವತ್ತಿಂದ ಅವಳಿಗೆ ತುತ್ತು ಇಳೀಲಿಲ್ಲವಂತೆ, ತಿಗರಿ ಎದುರು ಕೂತ್ರೂ ಅವ್ವನ ತಿಗರೀನೇ ನೆನಪಾಗ್ತಿತ್ತಂತೆ.

ಗೌರಿ ಹಬ್ಬಕ್ಕೆ ತವರಿಗೆ ಬಂದೋಳು ಹೊಸ್ತಿಲಲ್ಲೇ ಕೂತು, ಕಳ್ಕೊಂಡೆ ಕಣವ್ವಾ, ನೀನೇ ಕರಗಿ ಹೋದಂಗಾಯ್ತು ಅಂದಳಂತೆ. ಗಿರಿಯಮ್ಮ ತನ್ನ ಅಚ್ಚು ತಂದು, ಅಂಟದಂಗೆ ಬೂದಿ ಸವರಿ, ಹಸಿಮಣ್ಣು ಒತ್ತಿ, ಮೆಲ್ಲಗೆ ಬಿಡಿಸಿದಳಂತೆ. ಚಿಟ್ಟೆ! ಹುಚ್ಚೀ, ಅಚ್ಚು ನನ್ನ ಹತ್ರ ಇರೋವರೆಗೂ ನಿಂಗೆ ಹೆಂಗೇ ಕಳೆಯುತ್ತೆ ಅಂದಳಂತೆ. ಆಮೇಲೆ ಅದನ್ನ ಮಡಕೆ ಜೊತೆ ಸುಟ್ಟು ಕೊಟ್ಟಳಂತೆ, ಇನ್ನು ಯಾವ ನೀರಿಗೂ ಕರಗಲ್ಲ ಅಂತ. ನಂಜಿ ನಗ್ತಾ ಗಂಡನ ಮನೆಗೆ ಹೋಗಿ ಮಕ್ಕಳು ಮರಿ ಮಾಡ್ಕೊಂಡು ಸುಖವಾಗಿದ್ದಳಂತೆ.

ಅವತ್ತಿಂದ ನಮ್ಮಲ್ಲಿ ಹೆಣ್ಣುಮಕ್ಕಳ ಮಡಿಲಿಗೆ ಒಂದು ಮಣ್ಣಿನ ಚಿಟ್ಟೆ ಹಾಕೋದು. ನಂದಾ? ಅಗೋ, ಗೋಡೆ ಗೂಡಲ್ಲಿದೆ. ಅಚ್ಚು ಇಟ್ಕೊಂಡಿದ್ದ ನಮ್ಮವ್ವ ಹೋಗಿ ಎಷ್ಟು ಕಾಲವಾಯ್ತೋ. ಈಗಲೂ ಮುಟ್ಟಿದ್ರೆ ಅವಳ ಹೆಬ್ಬೆರಳು ಒತ್ತಿದ ಗುರುತು ಕೈಗೆ ಸಿಗುತ್ತೆ. ಕತೆ ಮುಗೀತು ಮಗಾ, ಕಣ್ಣು ಮುಚ್ಚು, ಹೊದಿಸ್ತೀನಿ.